ಮೋರ್ಯರ ಗುಡ್ಡದ ಕಲ್ಲುಗಳು ಯಾರವು?

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿ ಹಿರೇಬೆಣಕಲ್ಲೆಂಬ ಗ್ರಾಮವಿರುವದು. ಅದರ ಸಮೀಪದ ಬೆಟ್ಟಸಾಲಿಗೆ ಜನರು ಏಳು ಗುಡ್ಡಗಳೆಂದೂ, ಕಲ್ಲಿನ ಮನೆಗಳು ನಿಂತಿರುವ ನೆತ್ತಿಗೆ ಮೋರ್ಯರ ಗುಡ್ಡವೆಂದೂ ಹೆಸರಿಟ್ಟಿರುವರು. ಆ ಮನೆಗಳನ್ನು ಕಟ್ಟಿದವರಾರೆಂದು ಕುರಿ ಕಾಯುವವನನ್ನು ಕೇಳಿದರೆ, ಹಿಂದಿನ ಯುಗದ ಕುಳ್ಳ ಜನರಾದ ಮೋರ್ಯರು ಕಟ್ಟಿದರೆಂದು ಹೇಳುವನು. ನಾಲ್ಕಕ್ಷರ ಕಲಿತವನನ್ನು ಕೇಳಿದರೆ, ಮೋರ್ಯರೆಂದರೆ ಮೌರ್ಯರೇ, ಅಶೋಕ ಚಕ್ರವರ್ತಿಯ ಕಡೆಯವರೇ ಕಟ್ಟಿರಬೇಕೆಂದು ತರ್ಕಿಸುವನು. ಹಳೆಯ ಇಂಗ್ಲಿಷ್ ಪುಸ್ತಕವನ್ನು ತೆರೆದರೆ ದೂರದ ಸಿಥಿಯನ್ನರ ಹೆಸರು ಸಿಕ್ಕುವದು. ಮೂರು ಉತ್ತರಗಳೂ ಬೇರೆ ಬೇರೆ. ಆದರೆ ಒಂದು ಮಾತಿನಲ್ಲಿ ಮೂರೂ ಒಂದೇ. ಈ ನೆಲದಲ್ಲಿಯೇ ದನ ಕಾಯ್ದು, ಹುರುಳಿ ಬಿತ್ತಿ, ಕಬ್ಬಿಣ ಕಾಸಿ ಬದುಕಿದ ಸಾಮಾನ್ಯ ಜನರು ಇವನ್ನು ಕಟ್ಟಿರಬಹುದೆಂದು ಅವುಗಳಲ್ಲಿ ಒಂದೂ ಹೇಳುವದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ನಮ್ಮ ವಾಚಕರ ಮುಂದೆ ಈ ವಾರ ನಾವು ಇಡಬಯಸುವದು ಇದೇ ವಿಷಯವನ್ನು.

ಮೊದಲು ಅಲ್ಲಿರುವದೇನೆಂಬುದನ್ನು ನೋಡುವಾ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು 400 ಶಿಲಾಸ್ಮಾರಕಗಳು ಇರುವವು. ಮೂರು ಚಪ್ಪಡಿಗಳನ್ನು ನೆಲದಲ್ಲಿ ನಿಲ್ಲಿಸಿ, ಮುಂದೆ ಕಿಂಡಿ ಕೊರೆದ ನಾಲ್ಕನೆಯ ಚಪ್ಪಡಿಯನ್ನಿಟ್ಟು, ಮೇಲೆ ಒಂದು ದೊಡ್ಡ ಹಾಸುಗಲ್ಲನ್ನು ಹೊದಿಸಿ ಮಾಡಿದ ಕೋಣೆಗಳೇ ಅವುಗಳಲ್ಲಿ ಎದ್ದು ಕಾಣುವಂಥವು. ಕೆಲವು ಆಳೆತ್ತರವನ್ನೂ ಮೀರಿರುವವು. ಕೆಲವು ಕುಳಿತವನ ತಲೆಗೆ ಮಾತ್ರ ಸಾಕಾಗುವಷ್ಟಿರುವವು. ನಡುವೆ ಒಂದು ಕೆರೆಯಿರುವದು. ಸುತ್ತಲಿನ ಬಂಡೆಯಲ್ಲಿ ಕಲ್ಲು ಎಬ್ಬಿಸಿದ ಗುರುತುಗಳು ಇಂದಿಗೂ ಕಾಣುವವು. ಅಂದ ಮೇಲೆ ಕಟ್ಟಿದವರು ಕಲ್ಲನ್ನು ಹೊರಗಿನಿಂದ ಹೊತ್ತು ತರಲಿಲ್ಲ. ಪದರು ಪದರಾಗಿ ಏಳುವ ಆ ಗುಡ್ಡದ ಬಂಡೆಯ ಸ್ವಭಾವವನ್ನು ಚೆನ್ನಾಗಿ ಅರಿತು ಅದರಿಂದಲೇ ಕೆಲಸ ತೆಗೆದರು. ಇವುಗಳ ಕಾಲವನ್ನು ವಿದ್ವಾಂಸರು ನವಶಿಲಾಯುಗವು ಮುಗಿದು ಕಬ್ಬಿಣದ ಯುಗವು ನೆಲೆಗೊಳ್ಳುವ ಸಂಧಿಯಲ್ಲಿ, ಬಹುಮಟ್ಟಿಗೆ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ, ಎಣಿಸುವರು.

ಇವು ಮನೆಗಳಲ್ಲ; ಸತ್ತವರ ನೆನಪಿಗೆ ನಿಲ್ಲಿಸಿದ ಗುರುತುಗಳು. ಮನೆಯಾಗಿದ್ದರೆ ಒಲೆಯ ಬೂದಿ, ಬೀಸುವ ಕಲ್ಲು, ದಿನದ ಬಳಕೆಯ ಕಸ ಕಾಣಬೇಕಾಗಿತ್ತು. ಕಿಂಡಿಯು ಬಾಗಿಲಿನಷ್ಟಾದರೂ ಇರಬೇಕಾಗಿತ್ತು. ಕುಳ್ಳರ ಕಥೆ ಹುಟ್ಟಿದ್ದು ಆ ಕಿಂಡಿಯಿಂದಲೇ ಎಂದು ನಮಗೆ ತೋರುವದು. ಅದರಲ್ಲಿ ನುಸುಳಬೇಕಾದರೆ ಮನುಷ್ಯನು ಕುಳ್ಳನೇ ಆಗಿರಬೇಕೆಂದು ನೋಡಿದವರು ಎಣಿಸಿದ್ದು ಸಹಜ. ಇದೇ ಜಾತಿಯ ಸಮಾಧಿಗಳನ್ನು ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರರು ಅಗೆದು ನೋಡಿದಾಗ, ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಎಲುಬುಗಳೂ, ಕಪ್ಪು-ಕೆಂಪು ಬಣ್ಣದ ಮಡಕೆಗಳೂ, ಕಬ್ಬಿಣದ ಆಯುಧಗಳೂ ದೊರೆತವು. ಅಂದರೆ ದೇಹವನ್ನು ಬೇರೆಡೆಯಲ್ಲಿ ಇಟ್ಟು, ಉಳಿದ ಎಲುಬುಗಳನ್ನು ಆಯ್ದು ತಂದು, ಊಟದ ಪಾತ್ರೆ ಮತ್ತು ಕೈಯ ಆಯುಧಗಳೊಡನೆ ಕಲ್ಲಿನ ಕೋಣೆಯಲ್ಲಿರಿಸಿದರು. ಕಿಂಡಿಯು ಬದುಕಿದ್ದವರು ಸತ್ತವರೊಡನೆ ಇಟ್ಟುಕೊಂಡ ದಾರಿಯಾಗಿರಬೇಕು. ಹಿರಿಯರ ಹಬ್ಬದಲ್ಲಿ ಇಂದಿಗೂ ಎಡೆಯಿಡುವ ಜನಕ್ಕೆ ಇದು ಅರ್ಥವಾಗದ ಸಂಗತಿಯಲ್ಲ.

ಇನ್ನು ಇವುಗಳನ್ನು ಕಟ್ಟಲು ಬೇಕಾದ ಶ್ರಮವನ್ನು ಲೆಕ್ಕ ಹಾಕಿ ನೋಡಿರಿ. ಎಂಟಡಿ ಉದ್ದ, ಆರಡಿ ಅಗಲ, ಅರ್ಧ ಅಡಿ ದಪ್ಪದ ಒಂದು ಚಪ್ಪಡಿಯೆಂದರೆ 24 ಘನ ಅಡಿ ಕಲ್ಲು. ಘನ ಅಡಿಗೆ ಸುಮಾರು 75 ಕಿಲೋ ಹಿಡಿದರೂ ಅದರ ತೂಕವು 18 ಕ್ವಿಂಟಲು ಆಗುವದು. ಆಳೊಂದಕ್ಕೆ ಅರ್ಧ ಕ್ವಿಂಟಲಿನಂತೆ ಹಂಚಿದರೆ, ಒಂದು ಚಪ್ಪಡಿಯನ್ನೆತ್ತಲು 36 ಜನರು ಬೇಕು. ಒಂದು ಕೋಣೆಗೆ ಐದು ಚಪ್ಪಡಿಗಳು. ಆ 36 ಜನರು ಕಲ್ಲಿಗೆ ಕೈ ಹಚ್ಚಿದ ದಿನ ಅವರ ದನಗಳನ್ನು ಯಾರಾದರೂ ಕಾಯಬೇಕು, ಅವರಿಗೆ ಯಾರಾದರೂ ಅಟ್ಟು ಬಡಿಸಬೇಕು. ಸತ್ತವನು ಒಂದು ಮನೆಯವನು; ಕಲ್ಲನ್ನೆತ್ತಿದವರು ಹತ್ತು ಮನೆಯವರು. ಹೀಗೆ ತಲೆತಲಾಂತರವಾಗಿ ಎತ್ತಿದ್ದರ ಫಲವೇ ಆ ಗುಡ್ಡ. ಅರಸನ ಕೋರಡೆಯಿಂದ ಇಂಥದು ಆಗಿರಬಹುದೆಂದು ಕೆಲವರು ಶಂಕಿಸುವರು. ಆದರೆ ಅರಸನ ಕೆಲಸವು ಒಂದು ಆಳ್ವಿಕೆಯಲ್ಲಿ ತೊಡಗಿ ಒಂದು ಆಳ್ವಿಕೆಯಲ್ಲಿ ಮುಗಿಯುವದು. ನೂರಾರು ವರ್ಷ ಒಂದೇ ನೆತ್ತಿಗೆ ಹತ್ತಿ ಬಂದು ಒಂದೇ ರೀತಿಯಿಂದ ಕಟ್ಟುವ ಕೆಲಸವು ಸಮಾಜದ ರೂಢಿಯಿಂದಲ್ಲದೆ ಆಗಲಾರದು. ದೊಡ್ಡ ಕೋಣೆ, ಸಣ್ಣ ಕೋಣೆಗಳ ಭೇದವನ್ನು ನೋಡಿದರೆ ಅವರಲ್ಲಿಯೂ ಹೆಚ್ಚು ಕಡಿಮೆಗಳು ತಲೆಯೆತ್ತಿದ್ದವೆಂದು ಒಪ್ಪಬೇಕು. ಅಷ್ಟಾದರೂ ಒಬ್ಬನ ಹೆಸರೂ ಅಲ್ಲಿ ಉಳಿದಿಲ್ಲ.

ಸಮಾಧಿಗಳ ಸಮೀಪದ ಕಲ್ಲಾಸರೆಗಳಲ್ಲಿ ಚಿತ್ರಗಳಿರುವವು. ಕೆಂಪು ಕಾವಿಯಲ್ಲಿ ಬರೆದ ಮನುಷ್ಯರು, ಜಿಂಕೆಗಳು, ಗೂಳಿಗಳು, ಕುದುರೆಗಳು, ಆಯುಧ ಹಿಡಿದ ಬೇಟೆಗಾರರು, ಸಾಲಾಗಿ ಕುಣಿಯುವವರು. ಆನೆಗುಂದಿಯ ಹತ್ತಿರದ ಒಣಕೆ ಕಿಂಡಿಯಲ್ಲಿಯೂ ಇಂಥವೇ ಚಿತ್ರಗಳಿರುವವು. ಎಲ್ಲವೂ ಒಂದೇ ಕಾಲದವಲ್ಲ. ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಬಂದಿರುವರು. ಇವುಗಳ ಅರ್ಥವೇನೆಂಬ ವಿಷಯದಲ್ಲಿ ಪಂಡಿತರ ವಾದಗಳು ಹಲವು. ಬೇಟೆ ಸಫಲವಾಗಲೆಂದು ಮಾಡಿದ ಮಾಟವೆಂದು ಒಬ್ಬರು, ಕುಲದ ಗುರುತೆಂದು ಇನ್ನೊಬ್ಬರು, ಆವೇಶ ಬಂದವನು ಕಂಡ ಕಾಣ್ಕೆಯೆಂದು ಮತ್ತೊಬ್ಬರು ಹೇಳುವರು. ನಮ್ಮ ಮಟ್ಟಿಗೆ ಒಂದು ಸಂಗತಿಯು ಸಾಕು. ನಮ್ಮ ಹೆಣ್ಣುಮಕ್ಕಳು ಹಬ್ಬದ ದಿನ ಗೋಡೆಗೆ ಕೆಮ್ಮಣ್ಣು ಸಾರಿಸಿ ಸುಣ್ಣದಲ್ಲಿ ಬರೆಯುವಾಗ ಅದಕ್ಕೆ ಒಂದೇ ಅರ್ಥವನ್ನು ಹೇಳೆಂದು ಯಾರೂ ಕೇಳುವದಿಲ್ಲ. ಅದು ಅಲಂಕಾರವೂ ಹೌದು, ಹರಕೆಯೂ ಹೌದು, ರೂಢಿಯೂ ಹೌದು. ಕಲ್ಲಾಸರೆಯ ಚಿತ್ರವನ್ನೂ ಹಾಗೆಯೇ ತಿಳಿಯಬೇಕು. ಅಲ್ಲಿ ದನವು ಮತ್ತೆ ಮತ್ತೆ ಬರುವದೇಕೆಂದರೆ, ಅವರ ಬದುಕಿನಲ್ಲಿ ದನವು ಮತ್ತೆ ಮತ್ತೆ ಬರುತ್ತಿತ್ತು.

ಆ ಗುಡ್ಡದಲ್ಲಿಯೇ ಎತ್ತರದ ಬಂಡೆಯೊಂದರ ಮೇಲೆ ನಗಾರಿಯಂಥ ಗುಂಡುಕಲ್ಲೊಂದು ಇರುವದು. ಕಟ್ಟಿಗೆಯ ಕೊಡತಿಯಿಂದ ಬಡಿದರೆ ಅದರ ನಾದವು ಸುಮಾರು ಒಂದು ಕಿಲೋಮೀಟರು ಕೇಳಿಸುವದು. ಬಳ್ಳಾರಿಯ ಹತ್ತಿರ ಕಪ್ಪಗಲ್ಲು ಗುಡ್ಡದಲ್ಲಿಯೂ ಬಡಿದರೆ ಗಂಟೆಯಂತೆ ನುಡಿಯುವ ಕಲ್ಲುಗಳಿದ್ದು, ಬಡಿದ ಕಡೆ ಕುಳಿಗಳು ಬಿದ್ದಿರುವವು. ಹಾಗಾದರೆ ಈ ಗುಡ್ಡಗಳು ಸುಮ್ಮನೆ ಸುಡುಗಾಡುಗಳಲ್ಲ. ಸುತ್ತಲಿನ ಹಟ್ಟಿಗಳ ಜನರು ಗೊತ್ತಾದ ದಿನ ಕೂಡಿ, ಕಲ್ಲು ಬಾರಿಸಿ, ಕುಣಿದು, ಹಿರಿಯರನ್ನು ನೆನೆದ ಜಾತ್ರೆಯ ನೆಲೆಗಳು.

ಈಗ ಮೂರು ಉತ್ತರಗಳಿಗೆ ಹಿಂದಿರುಗುವಾ. ಕುರಿ ಕಾಯುವವನ ಉತ್ತರವನ್ನು ನಾವು ಹೀಗಳೆಯುವದಿಲ್ಲ. ಮೋರ್ಯರ ಕಥೆಯು ಇಲ್ಲಿಯದು ಮಾತ್ರವಲ್ಲ. ಕೊಡಗಿನಲ್ಲಿ ಇಂಥವುಗಳಿಗೆ ಪಾಂಡವರ ಮನೆಗಳೆನ್ನುವರು. ಬಳ್ಳಾರಿ ಸೀಮೆಯ ಕುಡತಿನಿಯ ಬೂದಿದಿಬ್ಬವನ್ನು ಭೀಮನು ಕೊಂದ ಹಿಡಿಂಬಾಸುರನ ಬೂದಿಯೆನ್ನುವರು. ಪರೀಕ್ಷಿಸಿ ನೋಡಿದಾಗ ಇಂಥ ಬೂದಿಯು ದನದ ಸಗಣಿಯದೆಂದು ತಿಳಿಯಿತು. ಬ್ರೂಸ್ ಫುಟರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೀಗೆಂದು ಊಹಿಸಿದ್ದರು. 1957ರಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದ ಆಲ್ಚಿನ್ನರು, ದನದ ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ಆ ಕಾಲದ ಜನರು ಮತ್ತೆ ಮತ್ತೆ ಸುಟ್ಟರೆಂಬುದನ್ನು ತೋರಿಸಿಕೊಟ್ಟರು. ಆ ಮೇಲೆ ಸುರಪುರ ತಾಲೂಕಿನ ಬೂದಿಹಾಳದಲ್ಲಿ ಪದ್ದಯ್ಯನವರು ಅದನ್ನು ಇನ್ನಷ್ಟು ವಿಸ್ತಾರವಾಗಿ ಅಭ್ಯಾಸ ಮಾಡಿದರು. ಕಥೆಯಲ್ಲಿ ರಾಕ್ಷಸನಿದ್ದನು, ಮಣ್ಣಿನಲ್ಲಿ ದನದ ದೊಡ್ಡಿಯಿತ್ತು. ಆದರೂ ಜನರ ಕಥೆಯು ಒಂದು ಉಪಕಾರವನ್ನು ಮಾಡಿತು. ಇದು ಪ್ರಕೃತಿ ಮಾಡಿದ್ದಲ್ಲ, ಯಾರೋ ಮಾಡಿದ್ದು, ಮುಟ್ಟಬಾರದ್ದು ಎಂಬ ಭಾವನೆಯನ್ನು ಅದು ಕಾಯ್ದುಕೊಂಡು ಬಂದಿತು. ಭಯ ಭಕ್ತಿಗಳಿದ್ದಷ್ಟು ದಿನ ಕಲ್ಲುಗಳು ನಿಂತಿದ್ದವು.

ಮೌರ್ಯರ ತರ್ಕವಾದರೋ ನಿಲ್ಲುವಂಥದಲ್ಲ. ಮೌರ್ಯರು ಈ ಸೀಮೆಗೆ ಬಂದದ್ದು ದಿಟ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳನ್ನು 1931ರಲ್ಲಿ ಎನ್. ಬಿ. ಶಾಸ್ತ್ರಿಗಳು ಬೆಳಕಿಗೆ ತಂದರು. ಅದಕ್ಕೆ ಮೊದಲು 1915ರಲ್ಲಿ ಮಸ್ಕಿಯ ಶಾಸನವು ಸಿಕ್ಕಿ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಸ್ಥಿರವಾಗಿತ್ತು. ಆದರೆ ಅವು ಕ್ರಿ.ಪೂ. ಮೂರನೆಯ ಶತಮಾನದವು, ಕಲ್ಲುಕೋಣೆಗಳ ರೂಢಿಯು ಅದಕ್ಕಿಂತ ಬಹಳ ಹಿಂದಿನದು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೇ ಬೇರೆ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದ್ದೆಡೆಯಲ್ಲಿಯೇ ಶಿಲಾಸಮಾಧಿಗಳಿರುವವು. ಮಸ್ಕಿಯಲ್ಲಿ 1954ರಲ್ಲಿ ಥಾಪರರು ಅಗೆದಾಗ ಶಾಸನದ ನೆರೆಯಲ್ಲಿಯೇ ಅದಕ್ಕಿಂತ ಹಳೆಯ ವಸತಿಗಳೂ ಸಮಾಧಿಗಳೂ ಕಾಣಿಸಿದವು. ಚಕ್ರವರ್ತಿಯ ಅಧಿಕಾರಿಗಳು ಪಾಟಲೀಪುತ್ರದಿಂದ ಬಂದು ಬರಿಯ ಕಾಡಿನಲ್ಲಿ ಶಾಸನ ಕೊರೆಯಲಿಲ್ಲ. ಜನರು ಮೊದಲಿನಿಂದಲೂ ಇದ್ದ ಸ್ಥಳಗಳನ್ನು ಹುಡುಕಿ ಅಲ್ಲಿ ಕೊರೆಸಿದರು. ಓದಿಸಿ ಕೇಳಿಸಲು ಜನರು ಬೇಕಷ್ಟೆ! ಹೀಗಿರುವಾಗ ಕಲ್ಲು ನಿಲ್ಲಿಸಿದ ಕೀರ್ತಿಯನ್ನು ಶಾಸನ ಕೊರೆಸಿದವನಿಗೆ ಕೊಡುವದು, ಹೊಲವನ್ನು ಹದ ಮಾಡಿದ ರೈತನ ಬೆಳೆಯನ್ನು ಕಂದಾಯ ಕೇಳಲು ಬಂದವನ ಹೆಸರಿನಲ್ಲಿ ಬರೆದಂತಾಗುವದು.

ಮೂರನೆಯ ಉತ್ತರವು ಪಂಡಿತರದು. ನಿಜಾಮರ ಸೇವೆಯಲ್ಲಿದ್ದು ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರರು ಹಿರೇಬೆಣಕಲ್ಲನ್ನೂ ರಾಜನಕೋಳೂರನ್ನೂ ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವತ್ಪ್ರಪಂಚಕ್ಕೆ ತಿಳಿಸಿದವರು. ಅವರ ಶ್ರಮಕ್ಕೆ ನಾವು ಋಣಿಗಳು. ಆದರೆ ತಮ್ಮ ದೇಶದಲ್ಲಿಯೂ ಇಂಥ ಕಲ್ಲುಗಳನ್ನು ಕಂಡಿದ್ದ ಅವರು ಇವುಗಳಿಗೆ ಸಿಥಿಯನ್, ದ್ರುಯಿಡ್ ಎಂಬ ಹೆಸರುಗಳನ್ನಿಟ್ಟರು. ನೂರು ವರ್ಷಗಳಾದ ಮೇಲೆ ವ್ಹೀಲರರೂ, ಕಬ್ಬಿಣವನ್ನು ತಂದ ಈ ಜನರು ಹೊರಗಿನಿಂದ ನುಗ್ಗಿ ಬಂದವರೆಂದೇ ಊಹಿಸಿದರು. ಈ ದೇಶದಲ್ಲಿ ಏನಾದರೂ ಹೊಸದು ಕಂಡರೆ ಅದು ಕುದುರೆ ಹತ್ತಿ ಹೊರಗಿನಿಂದಲೇ ಬಂದಿರಬೇಕೆಂದು ತಿಳಿಯುವದು ಆ ಕಾಲದ ಅಭ್ಯಾಸವಾಗಿತ್ತು. ಬಳಿಕ ನಡೆದ ಶೋಧಗಳು ಈ ಅಭ್ಯಾಸವನ್ನು ಸಡಿಲಿಸಿರುವವು. ಒಂದೇ ಊರುದಿಬ್ಬದಲ್ಲಿ ಕಲ್ಲುಕೊಡಲಿಯ ಪದರದಿಂದ ಕಬ್ಬಿಣದ ಪದರಕ್ಕೆ ಬರುವಾಗ ಮಡಕೆಗಳ ರೂಢಿಯೂ, ದನಗಳೂ, ಧಾನ್ಯಗಳೂ ಮುಂದುವರಿದಿರುವದು ಹಲವೆಡೆ ಕಂಡುಬಂದಿದೆ. ಸಂಗನಕಲ್ಲಿನಲ್ಲಿ ಸುಟ್ಟು ಕರಿದಾಗಿ ಉಳಿದ ಕಾಳುಗಳನ್ನು ಸೋಸಿ ನೋಡಿದಾಗ ಸಿಕ್ಕವುಗಳು ಹುರುಳಿ, ಹೆಸರು, ಕೊರಲೆ. ಇವು ಹೊರಗಿನಿಂದ ಬಂದ ಬೆಳೆಗಳಲ್ಲ. ಈ ಒಣನೆಲದ ಜನರೇ ಕಾಡಿನಿಂದ ಹೊಲಕ್ಕೆ ತಂದು ಪಳಗಿಸಿದಂಥವು. ಯಲಬುರ್ಗಾ, ಕುಷ್ಟಗಿಯ ಮಸಾರಿ ನೆಲದಲ್ಲಿ ಹುರುಳಿ ಬಿತ್ತುವ ರೈತನು ನಾಲ್ಕು ಸಾವಿರ ವರ್ಷಗಳ ಒಂದು ವಿದ್ಯೆಯನ್ನು ಕೈಯಲ್ಲಿ ಹಿಡಿದಿರುವನು. ಧಾರವಾಡದಲ್ಲಿದ್ದು ಕನ್ನಡನಾಡಿನ ಶಿಲಾಸಮಾಧಿಗಳನ್ನು ಊರೂರು ತಿರುಗಿ ಅಭ್ಯಸಿಸಿದ ಅ. ಸುಂದರ ಅವರ ಗ್ರಂಥವು 1975ರಲ್ಲಿ ಹೊರಬಂದ ಮೇಲಂತೂ, ಇದನ್ನು ಈ ನೆಲದಲ್ಲಿಟ್ಟು ನೋಡದೆ ಮಾತನಾಡುವದು ಸಾಧ್ಯವಿಲ್ಲದಂತಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಉತ್ಸಾಹಿ ತರುಣರು ಒಂದು ಪ್ರಶ್ನೆಯನ್ನು ಕೇಳದೆ ಇರಲಾರರು: ಹಾಗಾದರೆ ಅವರು ಕನ್ನಡಿಗರೇ ಅಲ್ಲವೆ? ಇಲ್ಲಿ ನಾವು ನಮ್ಮವರನ್ನೇ ತಡೆಯಬೇಕಾಗಿದೆ. ಆ ಕಲ್ಲುಗಳ ಮೇಲೆ ಅಕ್ಷರವಿಲ್ಲ. ಅಕ್ಷರವಿಲ್ಲದ ಕಲ್ಲಿನಿಂದ ಭಾಷೆಯನ್ನು ಹೊರಡಿಸುವದು ಸಾಕ್ಷಿಯಿಲ್ಲದೆ ತೀರ್ಪನ್ನು ಬರೆದಂತೆ. ಕನ್ನಡವು ಹಲ್ಮಿಡಿಯ ಕಲ್ಲಿನಲ್ಲಿ ಕ್ರಿ.ಶ. 450ರ ಸುಮಾರಿಗೆ ತಾನಾಗಿ ಮಾತನಾಡುವದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಕೊಪಣವೆಂದರೆ ಇಂದಿನ ಕೊಪ್ಪಳ. ಆ ಹೆಮ್ಮೆಗೆ ಪತ್ರವಿದೆ, ಸಾಕ್ಷಿಯಿದೆ. ಅದನ್ನು ಧಾರಾಳವಾಗಿ ಪಡೋಣ. ಆದರೆ ಅದಕ್ಕಿಂತ ಸಾವಿರಾರು ವರ್ಷ ಹಿಂದಿನವರ ಬಾಯಲ್ಲಿ ನಮ್ಮ ಮಾತನ್ನು ತುರುಕುವದು ಬೇಡ. ಅಲ್ಲದೆ ಇಂಥ ಕಲ್ಲುಗಳು ತೆಲಂಗಾಣದಲ್ಲಿಯೂ, ತಮಿಳುನಾಡಿನಲ್ಲಿಯೂ, ಕೇರಳದಲ್ಲಿಯೂ, ವಿದರ್ಭದಲ್ಲಿಯೂ ಇರುವವು. ನಾವು ನಮ್ಮವೆಂದರೆ ಅವರೂ ತಮ್ಮವೆನ್ನುವರು. ಆಗ ಸತ್ತವರ ಸುಡುಗಾಡಿನಲ್ಲಿ ಗಡಿಯ ತಂಟೆ ಮೊದಲಾಗುವದು. ನಾಡಿನ ಅಭಿಮಾನವು ಸುಳ್ಳಿನ ಮೇಲೆ ನಿಂತರೆ ಮೊದಲನೆಯ ಪಾಟೀಸವಾಲಿಗೇ ಉರುಳುವದು.

ಹಾಗಾದರೆ ಈ ಕಲ್ಲುಗಳಿಗೂ ಏಕೀಕರಣವನ್ನು ವ್ರತವಾಗಿ ಹಿಡಿದ ಪತ್ರಿಕೆಗೂ ಸಂಬಂಧವೇನು? ಸಂಬಂಧವಿರುವದು. ಶಿಲಾಸ್ಮಾರಕಗಳ ಪಟ್ಟಿಯನ್ನು ಮುಂದಿಟ್ಟುಕೊಂಡು 1948ಕ್ಕಿಂತ ಹಿಂದಿನ ನಕ್ಷೆಯನ್ನು ಬಿಚ್ಚಿ ನೋಡಿರಿ. ಬ್ರಹ್ಮಗಿರಿಯು ಮೈಸೂರಿನಲ್ಲಿ, ಸಂಗನಕಲ್ಲು, ಕಪ್ಪಗಲ್ಲು ಮದರಾಸಿನಲ್ಲಿ, ಐಹೊಳೆಯ ಮೇಗುಟಿಯ ಹಿಂದಿನ ಕಲ್ಲುಕೋಣೆಗಳು ಮುಂಬಯಿಯಲ್ಲಿ, ಹಿರೇಬೆಣಕಲ್ಲು, ಮಸ್ಕಿ, ರಾಜನಕೋಳೂರು ನಿಜಾಮರ ಹೈದರಾಬಾದಿನಲ್ಲಿ, ಪಾಂಡವರ ಮನೆಗಳು ಕೊಡಗಿನ ಪ್ರತ್ಯೇಕ ಆಡಳಿತದಲ್ಲಿ. ಒಂದೇ ಬದುಕಿನ ಬಗೆಯು ಐದು ಸರಕಾರಗಳ ಐದು ವರದಿಗಳಲ್ಲಿ ಹರಿದು ಹಂಚಿಹೋಗಿತ್ತು. ಮೈಸೂರಿಗೆ 1885ರಲ್ಲಿಯೇ ಪುರಾತತ್ತ್ವ ಇಲಾಖೆ ಬಂದಿತು. ಹೈದರಾಬಾದಿಗೆ 1914ರಲ್ಲಿ ಬಂದಿತು. ಮಸ್ಕಿಯ ಶಾಸನವೂ ಕೊಪ್ಪಳದ ಶಾಸನಗಳೂ ಹೈದರಾಬಾದಿನ ಗ್ರಂಥಮಾಲೆಯಲ್ಲಿ ಅಚ್ಚಾದವು, ಆದರೆ ಇಂಗ್ಲಿಷಿನಲ್ಲಿ. ಪಾಲ್ಕಿಗುಂಡಿನ ಬುಡದಲ್ಲಿ ಹುಟ್ಟಿ ಬೆಳೆದ ಹುಡುಗನು ತನ್ನ ಊರ ಮೇಲಿನ ಬಂಡೆ ಏನು ಹೇಳುತ್ತಿದೆಯೆಂದು ತನ್ನ ಭಾಷೆಯಲ್ಲಿ ಓದಲಾರದವನಾಗಿದ್ದನು. ನಾಡು ಒಡೆದರೆ ಕಂದಾಯ, ಕಾಯಿದೆಗಳು ಮಾತ್ರ ಒಡೆಯುವದಿಲ್ಲ. ನೆನಪೂ ಒಡೆಯುವದು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

1948ರ ಸಪ್ಟಂಬರ 17ಕ್ಕೆ ಹೈದರಾಬಾದು ವಿಮೋಚನೆ ಹೊಂದಿತು. 1956ರ ನವ್ಹೆಂಬರ 1ಕ್ಕೆ ಕನ್ನಡ ಪ್ರಾಂತವು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1997ರಲ್ಲಿ ಈ ನಾಲ್ಕು ತಾಲೂಕುಗಳು ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು. ನಕ್ಷೆಯು ಒಂದಾಯಿತು, ನೆನಪು ಒಂದಾಯಿತೆ? ಏಕೀಕರಣದ ಆಚಾರ್ಯರಾದ ಆಲೂರ ವೆಂಕಟರಾಯರು 1905ರಲ್ಲಿ ಹಂಪೆಯನ್ನು ಕಂಡು ಕಣ್ಣೀರಿಟ್ಟರು; 1917ರಲ್ಲಿ ಕರ್ನಾಟಕ ಗತವೈಭವವನ್ನು ಬರೆದು ಮಲಗಿದ್ದ ನಾಡನ್ನು ಎಬ್ಬಿಸಿದರು. ಅಂದಿನ ಅವಶ್ಯಕತೆಯು ಅದಾಗಿತ್ತು. ನಾವು ಯಾರೂ ಅಲ್ಲವೆಂದು ತಿಳಿದಿದ್ದ ಜನಕ್ಕೆ ನೀವು ಚಾಲುಕ್ಯರ ಮಕ್ಕಳು, ರಾಷ್ಟ್ರಕೂಟರ ಮಕ್ಕಳು, ವಿಜಯನಗರದವರ ಮಕ್ಕಳು ಎಂದು ಹೇಳಬೇಕಾಗಿತ್ತು. ಆದರೆ ವೈಭವವೆಂದರೆ ಅರಸರದೇ ಎಂಬ ತಿಳಿವಳಿಕೆಯು ನಮ್ಮಲ್ಲಿ ಬೇರೂರಿ ಕುಳಿತಿರುವದು. ಅದರ ಪರಿಣಾಮವಾಗಿ ಪ್ರತಿವರ್ಷ ಲಕ್ಷಾವಧಿ ಜನರು ಹಂಪೆಗೆ ಹೋಗುವರು. ಹೊಳೆಯಾಚೆಗಿನ ಹಿರೇಬೆಣಕಲ್ಲಿಗೆ ಹೋಗುವವರು ವಿರಳ. ಅಲ್ಲಿ ಅರಸನಿಲ್ಲ, ಸಿಂಹಾಸನವಿಲ್ಲ, ಯುದ್ಧದ ಕಥೆಯಿಲ್ಲ. ಹತ್ತು ಮನೆಯವರು ಕೂಡಿ ಒಂದು ಮನೆಯ ದುಃಖಕ್ಕೆ ಹೆಗಲು ಕೊಟ್ಟ ಗುರುತು ಮಾತ್ರ ಇದೆ. ಪ್ರಜೆಗಳ ಕಾಲದಲ್ಲಿ ಪ್ರಜೆಗಳ ಸ್ಮಾರಕಕ್ಕಿಂತ ದೊಡ್ಡ ವೈಭವ ಯಾವದು?

ಇಂದಿನ ಸ್ಥಿತಿಯನ್ನು ಹೇಳದೆ ಈ ಲೇಖನವನ್ನು ಮುಗಿಸಲಾಗದು. 1955ರಿಂದ ಹಿರೇಬೆಣಕಲ್ಲು ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವದು. 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಯಾದಿಯಲ್ಲಿ ಅದರ ಹೆಸರು ಸೇರಿತು. ಸಂತೋಷ! ಆದರೆ ತಾತ್ಕಾಲಿಕ ಯಾದಿಯೆಂದರೆ ಅರ್ಜಿ ದಾಖಲಾದಂತೆ, ತೀರ್ಪು ಬಂದಂತಲ್ಲ. ಇತ್ತ ನಿಧಿಯ ಆಸೆಗೆ ಬಿದ್ದ ಮೂಢರು ಕೋಣೆಗಳ ನೆಲವನ್ನು ಅಗೆದು ಚಪ್ಪಡಿಗಳನ್ನು ಕೆಡವಿರುವರು. ಭಕ್ತಿಯು ಹೋಯಿತು, ಜ್ಞಾನವು ಬರಲಿಲ್ಲ. ನಡುವೆ ಹಾರೆಯು ಬಂದಿತು. ಆ ಕೋಣೆಗಳಲ್ಲಿ ಬಂಗಾರವಿಲ್ಲ. ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ, ಎಲುಬಿನ ಚೂರು ಇವಷ್ಟೇ ಅಲ್ಲಿಯ ನಿಧಿ. ಕಳ್ಳನಿಗೆ ಅವು ಕಸ. ಅವುಗಳಿದ್ದ ಜಾಗದಲ್ಲಿಯೇ ಇದ್ದರೆ ವಿದ್ವಾಂಸನಿಗೆ ಅವು ಗ್ರಂಥ. ಒಮ್ಮೆ ಕೆದರಿದ ಮಣ್ಣನ್ನು ಮತ್ತೆ ಓದಲು ಬರುವದಿಲ್ಲ. ಕಲ್ಲಾಸರೆಯ ಚಿತ್ರಗಳ ಮೇಲೆ ತಮ್ಮ ಹೆಸರನ್ನು ಬರೆದು ಹೋಗುವ ವಿದ್ಯಾವಂತರದು ಇನ್ನೊಂದು ಬಗೆಯ ಮೂಢತನ. ರಕ್ಷಣೆಯ ಗೆರೆಯಾಚೆಗಿರುವ ಗುಡ್ಡಗಳ ಮೇಲೆ ಕಲ್ಲುಗಣಿಯ ಕಣ್ಣಿರುವದು; ಕಪ್ಪಗಲ್ಲಿನಲ್ಲಿ ಗಣಿಗಾರಿಕೆಯಿಂದ ಆದ ಹಾನಿಯು ನಮಗೆ ಎಚ್ಚರಿಕೆಯಾಗಬೇಕು.

ಕಾಯಿದೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು, 2010ರ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸುವದು. ಅದರಾಚೆ ಇನ್ನು 200 ಮೀಟರನ್ನು ನಿಯಂತ್ರಣಕ್ಕೊಳಪಡಿಸುವದು. ಸ್ಮಾರಕವನ್ನು ಕೆಡಿಸಿದವನಿಗೆ ಎರಡು ವರ್ಷಗಳ ವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಭೂಮಿಯಲ್ಲಿ ನಿಧಿ ಸಿಕ್ಕರೂ ಅದನ್ನು ಬಚ್ಚಿಡುವದು ನಿಧಿ ಕಾಯಿದೆಯಂತೆ ಅಪರಾಧ. ರಾಜ್ಯಘಟನೆಯ 49ನೆಯ ಅನುಚ್ಛೇದವು ಸ್ಮಾರಕರಕ್ಷಣೆಯನ್ನು ಸರಕಾರದ ಹೊಣೆಯಾಗಿಯೂ, 51ಎ ಅನುಚ್ಛೇದವು ಪರಂಪರೆಯ ರಕ್ಷಣೆಯನ್ನು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವಾಗಿಯೂ ಇಟ್ಟಿರುವವು. ಆದರೆ ಕಾಯಿದೆಯ ಪುಸ್ತಕವು ರಾತ್ರಿ ಗುಡ್ಡ ಹತ್ತಿ ಕಾವಲು ಕಾಯುವದಿಲ್ಲ. ಅದನ್ನು ಕಾಯಬೇಕಾದವರು ಗುಡ್ಡದ ಕೆಳಗಿನ ಊರವರೇ.

ಆದುದರಿಂದ ನಾವು ನಾಲ್ಕು ಸೂಚನೆಗಳನ್ನು ಮುಂದಿಡುವೆವು. ಒಂದು: ಈ ಜಿಲ್ಲೆಯ ಪ್ರತಿಯೊಂದು ಗ್ರಾಮಪಂಚಾಯತಿಯು ತನ್ನ ಸೀಮೆಯಲ್ಲಿರುವ ಕಲ್ಲುಮನೆ, ಬೂದಿದಿಬ್ಬ, ಚಿತ್ರವಿರುವ ಕಲ್ಲಾಸರೆ, ಶಾಸನ ಇವುಗಳ ಯಾದಿಯನ್ನು ಮಾಡಿ, ಸರ್ವೆ ನಂಬರಿನೊಡನೆ ದಾಖಲೆಯಲ್ಲಿಡಬೇಕು. ದಾಖಲೆಯಲ್ಲಿಲ್ಲದ ಕಲ್ಲಿಗೆ ಕೋರ್ಟಿನಲ್ಲಿ ಬಾಯಿಲ್ಲ. ಎರಡು: ಗಣಿಯ ಪರವಾನಿಗೆಯನ್ನು ಕೊಡುವ ಮೊದಲು ಆ ಯಾದಿಯನ್ನು ನೋಡುವ ನಿಯಮವಾಗಬೇಕು. ಮೂರು: ಶಾಲೆಯ ಮಾಸ್ತರರು ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹಿರೇಬೆಣಕಲ್ಲನ್ನೂ ಪಾಲ್ಕಿಗುಂಡನ್ನೂ ತೋರಿಸಬೇಕು, ಚಿತ್ರಗಳಿಗೆ ನೀರು ಎರಚಬಾರದು, ಸೀಮೆಸುಣ್ಣದಿಂದ ತಿದ್ದಬಾರದು, ನಗಾರಿ ಕಲ್ಲನ್ನು ಕಲ್ಲಿನಿಂದ ಬಡಿಯಬಾರದು ಎಂಬುದನ್ನು ಅಲ್ಲಿಯೇ ಕಲಿಸಬೇಕು. ನಾಲ್ಕು: ಇಂಗ್ಲಿಷಿನಲ್ಲಿ ಹೂತುಹೋಗಿರುವ ಶೋಧಗಳ ಸಾರವನ್ನು ಹಳ್ಳಿಯ ಓದುಗನಿಗೆ ತಿಳಿಯುವ ಕನ್ನಡದಲ್ಲಿ ಬರೆಸಿ, ಅಲ್ಪ ಬೆಲೆಗೆ ಹಂಚಬೇಕು. ವಿಶ್ವವಿದ್ಯಾಲಯಗಳ ಕನ್ನಡದ ಪಂಡಿತರೂ ಪುರಾತತ್ತ್ವದ ಪಂಡಿತರೂ ಕೂಡಿದರೆ ಇದು ದೊಡ್ಡ ಕೆಲಸವಲ್ಲ.

ಈ ಕಲ್ಲುಗಳು ಯಾರವು ಎಂದು ನಾವು ಮೊದಲಿಗೆ ಕೇಳಿದೆವು. ಕಟ್ಟಿದವರು ಯಾವ ಭಾಷೆಯನ್ನಾಡಿದರೋ ಕಲ್ಲು ಹೇಳುವದಿಲ್ಲ. ಆದರೆ ಅವರು ಬಿತ್ತಿದ ಹುರುಳಿಯನ್ನು ನಾವು ಉಣ್ಣುತ್ತಿರುವೆವು. ಅವರು ದನ ಮೇಯಿಸಿದ ಗುಡ್ಡದಲ್ಲಿ ನಾವು ದನ ಮೇಯಿಸುತ್ತಿರುವೆವು. ವಾರಸಾ ಹಕ್ಕು ರಕ್ತದಿಂದ ಬರುವದುಂಟು, ಮೃತ್ಯುಪತ್ರದಿಂದ ಬರುವದುಂಟು. ಇಲ್ಲಿ ಎರಡೂ ಇಲ್ಲ. ಕಾಯ್ದುಕೊಂಡು ಬಂದವನಿಗೇ ದಕ್ಕುವ ಹಕ್ಕು ಮಾತ್ರ ಇರುವದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕನ್ನಡಿಗರು ಆ ಹಕ್ಕನ್ನು ಸಂಪಾದಿಸಿಕೊಳ್ಳಲಿ. ಎರಡೂವರೆ ಸಾವಿರ ವರ್ಷ ನಿಂತ ಕಲ್ಲು ನಮ್ಮ ತಲೆಮಾರಿನಲ್ಲಿ ಬಿದ್ದಿತೆಂಬ ಅಪಕೀರ್ತಿಯು ನಮಗೆ ಬಾರದಿರಲಿ.